ತಮ್ಮನ ಅಪ್ರೆಂಟಿಸ್ ಸ್ಟೈಪೆಂಡಲ್ಲಿ ಸರ್ಕಾರದ ಪಾಲು 1500 ಎಲ್ಲಿ ಹೋಯ್ತು? ಗೊತ್ತಿರೋರು ದಯವಿಟ್ಟು ಹೇಳಿ

ತಿಪಟೂರು_ಅಕ್ಕ

ಎಲ್ರಿಗೂ ನಮಸ್ಕಾರ. ಈ ಗುಂಪಲ್ಲಿ ಬರೀತಿರೋದು ಇದೇ ಮೊದಲು. ನನ್ ತಮ್ಮ ಐಟಿಐ ಫಿಟ್ಟರ್ ಮುಗಿಸ್ಕೊಂಡು ನಾಲ್ಕು ತಿಂಗಳಿಂದ ದಾಬಸ್‌ಪೇಟೆ ಹತ್ರ ಒಂದು ಆಟೋ ಪಾರ್ಟ್ಸ್ ಕಂಪನೀಲಿ ಅಪ್ರೆಂಟಿಸ್ ಆಗಿದಾನೆ. ಸೇರೋ ದಿನ ಏಳು ಸಾವಿರ ಸ್ಟೈಪೆಂಡ್ ಅಂತ ಹೇಳಿದ್ರು, ಆದ್ರೆ ಇವತ್ತಿನವರೆಗೂ ಅಕೌಂಟಿಗೆ ಬೀಳ್ತಿರೋದು 5500 ಮಾತ್ರ. ಅವನು ಎಚ್‌ಆರ್ ಮೇಡಂನ ಕೇಳಿದ್ದಕ್ಕೆ "ಮಿಕ್ಕಿದ್ದು ಗೌರ್ಮೆಂಟ್ ಹಾಕುತ್ತಪ್ಪ, ಅದು ನಮ್ ಕೈಲಿಲ್ಲ" ಅಂದ್ರಂತೆ. ಇನ್ನೊಂದ್ ಸಲ ಕೇಳೋಕೆ ಅವನಿಗೆ ಭಯ, ತೆಗೆದುಬಿಟ್ರೆ ಅಂತ.

ಪಿಜಿಗೆ ಊಟ ಸೇರಿ 5000 ಹೋಗುತ್ತೆ. ಉಳಿಯೋ ಐನೂರರಲ್ಲಿ ಬಸ್ ಚಾರ್ಜು, ಮೊಬೈಲ್ ರೀಚಾರ್ಜು, ಸೋಪು ಪೇಸ್ಟು ಎಲ್ಲ ಆಗ್ಬೇಕು. ಅಮ್ಮ ಕೊಬ್ಬರಿ ಮಂಡಿಗೆ ಕೂಲಿಗೆ ಹೋಗ್ತಾರೆ, ನಾನು ಗಾರ್ಮೆಂಟ್ಸಲ್ಲಿ ಚೆಕಿಂಗ್ ಮಾಡ್ತೀನಿ, ಇಬ್ರೂ ಸೇರ್ಕೊಂಡು ಅವನಿಗೇ ತಿಂಗಳಿಗೆ ಸಾವಿರ ಕಳಿಸೋ ಹಂಗಾಗಿದೆ. ದುಡಿಯೋಕೆ ಹೋದೋನಿಗೆ ಮನೆಯಿಂದ್ಲೇ ದುಡ್ಡು ಕಳಿಸ್ಬೇಕೇನೇ ಅಂತ ಅಮ್ಮ ಕೇಳ್ತಾರೆ, ಏನ್ ಹೇಳ್ಬೇಕೋ ಗೊತ್ತಾಗಲ್ಲ. ಹದಿನೈದುನೂರು ಅಂದ್ರೆ ದೊಡ್ಡೋರಿಗೆ ಏನೂ ಅಲ್ಲ, ನಮಗೆ ಅದು ಅವನ ಒಂದ್ ತಿಂಗಳ ಬಸ್ಸು, ಬೆಳಗಿನ ಕಾಫಿ ತಿಂಡಿ.

ಈ ಸರ್ಕಾರದ ದುಡ್ಡು ನಿಜ್ವಾಗ್ಲೂ ಇದೆಯಾ ಇಲ್ಲ ಕಂಪನಿಯವರು ಸುಮ್ನೆ ಹೇಳ್ತಿದಾರಾ? ಇದ್ರೆ ಯಾರನ್ನ ಕೇಳ್ಬೇಕು?

ಪೀಣ್ಯ_ಸೆಕೆಂಡ್_ಸ್ಟೇಜ್

ಮೇಡಂ ಇದೆ, ಸುಳ್ಳಲ್ಲ. ನಾನು ಪೀಣ್ಯದಲ್ಲಿ ಒಂದು ಮಧ್ಯಮ ಸೈಜಿನ ಯೂನಿಟ್ಟಲ್ಲಿ ಎಚ್‌ಆರ್ ನೋಡ್ಕೊಳ್ತೀನಿ, ಅಪ್ರೆಂಟಿಸ್ ಪೋರ್ಟಲ್ ಕೆಲ್ಸ ನನ್ನದೇ. ಈ ಸ್ಕೀಮಿಗೆ ನ್ಯಾಪ್ಸ್ ಅಂತಾರೆ, ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ, 2016ರಲ್ಲಿ ಶುರುವಾಗಿದ್ದು. ಸ್ಟೈಪೆಂಡಿನ ಶೇಕಡಾ 25 ಕೇಂದ್ರ ಸರ್ಕಾರ ಕೊಡುತ್ತೆ, ಆದ್ರೆ ತಿಂಗಳಿಗೆ 1500ಕ್ಕಿಂತ ಜಾಸ್ತಿ ಕೊಡಲ್ಲ. ಏಳು ಸಾವಿರಕ್ಕೆ ಕಾಲು ಭಾಗ ಅಂದ್ರೆ 1750 ಆಗ್ಬೇಕಿತ್ತು, ಮಿತಿ ಇರೋದ್ರಿಂದ 1500ಕ್ಕೆ ನಿಲ್ಲುತ್ತೆ, ಮಿಕ್ಕಿದ್ದು 5500 ಕಂಪನಿ. ನಿಮ್ಮ ತಮ್ಮನಿಗೆ ಬರ್ತಿರೋದು ಕರೆಕ್ಟಾಗಿ ಕಂಪನಿ ಪಾಲು.

ಮೊದಲು ಹಿಂಗಿರ್ಲಿಲ್ಲ. ಕಂಪನಿಯವರೇ ಪೂರ್ತಿ ಏಳು ಸಾವಿರ ಕೊಟ್ಟು ಆಮೇಲೆ ಸರ್ಕಾರದ ಹತ್ರ ಕ್ಲೇಮ್ ಮಾಡ್ಬೇಕಿತ್ತು, ಆ ಕ್ಲೇಮು ಬರೋ ಅಷ್ಟರಲ್ಲಿ ಹುಡುಗ ಟ್ರೈನಿಂಗ್ ಮುಗಿಸಿ ಹೋಗಿರ್ತಿದ್ದ, ಸಣ್ಣ ಕಂಪನಿಯವರು ಸಾಕಪ್ಪಾ ಸಾಕು ಅಂತ ಬಿಟ್ಟೇಬಿಟ್ಟಿದ್ರು. 2023ರ ಆಗಸ್ಟಿಂದ ನೇರವಾಗಿ ಹುಡುಗರ ಖಾತೆಗೇ ಹಾಕೋ ಪದ್ಧತಿ ಬಂತು. ಒಳ್ಳೇದೇ. ಆದ್ರೆ ದುಡ್ಡು ಬರ್ಲಿಲ್ಲ ಅಂದ್ರೆ ಹುಡುಕೋ ಕೆಲ್ಸವೂ ಹುಡುಗನ ತಲೆಗೇ ಬಂತು.

ಬರ್ದೇ ಇರೋಕೆ ನಾನು ನೋಡಿದ ಹಾಗೆ ಮೂರು ಕಾರಣ. ಪೋರ್ಟಲ್‌ನಲ್ಲಿ ಕಾಂಟ್ರಾಕ್ಟೇ ಆಗಿರಲ್ಲ, ಅಥ್ವಾ ಕಂಪನಿಯವರು ಆ ತಿಂಗಳ ಸ್ಟೈಪೆಂಡ್ ವಿವರ ಪೋರ್ಟಲ್‌ಗೆ ಹಾಕಿರಲ್ಲ, ಅಥ್ವಾ ಹುಡುಗನ ಆಧಾರ್ ಬೇರೆ ಯಾವುದೋ ಬ್ಯಾಂಕಿಗೆ ಜೋಡಣೆ ಆಗಿರುತ್ತೆ. ನಿಮ್ಮದು ಯಾವುದು ಅಂತ ಮೊದ್ಲು ನೋಡ್ಬೇಕು.

ಕೆಂಗೇರಿ_ಹುಡ್ಗ

ಎಲ್ಲಾ ಕಂಪನಿಯವರ ಆಟ ಅಕ್ಕ. ಸರ್ಕಾರದಿಂದ ಬಂದಿದ್ದನ್ನ ಅವ್ರೇ ನುಂಗ್ತಾರೆ. ನಮ್ ಬ್ಯಾಚಲ್ಲಿ ಹಂಗೇ ಆಗಿದ್ದು.

ಪೀಣ್ಯ_ಸೆಕೆಂಡ್_ಸ್ಟೇಜ್

ಹಳೇ ಪದ್ಧತೀಲಿ ಕೆಲವ್ರು ಹಂಗೆ ಮಾಡಿರಬಹುದು, ಇಲ್ಲ ಅನ್ನಲ್ಲ. ಆದ್ರೆ ಈಗ ಆ 1500 ಕಂಪನಿ ಅಕೌಂಟಿಗೆ ಬರೋದೇ ಇಲ್ಲ, ಆಧಾರ್ ಮೂಲಕ ನೇರ ಹುಡುಗನಿಗೆ ಹೋಗುತ್ತೆ. ಗೊತ್ತಿಲ್ದೆ ಕಂಪನಿ ಜೊತೆ ಜಗಳ ಆಡಿದ್ರೆ ಆ ಹುಡುಗನಿಗೇ ತೊಂದರೆ. ಮೊದ್ಲು ನೋಡಿ, ಆಮೇಲೆ ಜಗಳ ಬೇಕಾದ್ರೆ ಆಡೋಣ.

ನಿವೃತ್ತ_ಜೆಟಿಓ

ಅಮ್ಮಾ ನಾನು ಸರ್ಕಾರಿ ಐಟಿಐನಲ್ಲಿ 27 ವರ್ಷ ಫಿಟ್ಟರ್ ವಿಭಾಗದಲ್ಲಿ ಪಾಠ ಹೇಳಿದವನು. ನಿಮ್ಮ ತಮ್ಮನ ಹತ್ರ ಒಂದೇ ಒಂದು ಪ್ರಶ್ನೆ ಕೇಳಿ, ಕಾಂಟ್ರಾಕ್ಟ್ ರಿಜಿಸ್ಟ್ರೇಷನ್ ನಂಬರ್ ಇದೆಯಾ ಅಂತ. ಅಪಾಯಿಂಟ್‌ಮೆಂಟ್ ಲೆಟರ್ ಅಲ್ಲ, ಐಡಿ ಕಾರ್ಡ್ ಅಲ್ಲ. ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ಕಂಪನಿ ಮತ್ತು ಹುಡುಗ ಇಬ್ಬರೂ ಒಪ್ಪಿ ಸಹಿ ಮಾಡಿದ ಕರಾರು. 1961ರ ಅಪ್ರೆಂಟಿಸಸ್ ಕಾಯ್ದೆಯಲ್ಲಿ ಎಲ್ಲಾ ಶುರುವಾಗೋದೇ ಆ ಕರಾರಿನಿಂದ. ಅದು ಇದ್ದರೆ ಅವನು ಸರ್ಕಾರಿ ಭಾಷೆಯಲ್ಲಿ ಶಿಶಿಕ್ಷು, ಅದು ಇಲ್ಲದಿದ್ದರೆ ಅವನನ್ನು ಕಂಪನಿಯವರು ಟ್ರೈನೀ ಅನ್ನಲಿ ಅಪ್ರೆಂಟಿಸ್ ಅನ್ನಲಿ, ಈ ಕಾಯ್ದೆಯ ಲೆಕ್ಕಕ್ಕೆ ಅವನು ಬರೋದಿಲ್ಲ, ಸರ್ಕಾರದ ಒಂದು ರೂಪಾಯಿಯೂ ಬರೋದಿಲ್ಲ.

ಸೇರಿದ ಮೇಲೆ ಕರಾರಿನ ವಿವರವನ್ನು ಏಳು ದಿನದೊಳಗೆ ಪೋರ್ಟಲ್‌ಗೆ ಹಾಕಬೇಕು ಅಂತ ಕಾಯ್ದೆಯಲ್ಲೇ ಇದೆ. ಬಹಳ ಕಡೆ "ಒಂದು ತಿಂಗಳು ಹುಡುಗ ನಿಲ್ಲುತ್ತಾನಾ ನೋಡೋಣ" ಅಂತ ಕಾಯ್ತಾರೆ. ಆ ಕಾದ ದಿನಗಳಿಗೆ ಸರ್ಕಾರದ ಪಾಲು ಸಿಗೋದಿಲ್ಲ, ಟ್ರೈನಿಂಗ್ ಅವಧಿಗೂ ಸೇರೋದಿಲ್ಲ.

ಇನ್ನೊಂದು ವಿಷಯ. ಏಳು ಸಾವಿರ ಅನ್ನೋದು ಕಂಪನಿಯವರು ದಯೆ ತೋರಿಸಿ ಕೊಡೋದಲ್ಲ, ಕನಿಷ್ಠ ದರ. 2019ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದುಪಡಿ ಆದಾಗ ಐದರಿಂದ ಒಂಬತ್ತನೇ ಕ್ಲಾಸ್ ಓದಿದವರಿಗೆ 5000, ಎಸ್ಸೆಸ್ಸೆಲ್ಸಿಗೆ 6000, ಪಿಯುಸಿಗೂ ಐಟಿಐಗೂ 7000, ಡಿಪ್ಲೊಮಾಗೆ 8000, ಡಿಗ್ರಿಗೆ 9000 ಅಂತ ಮಾಡಿದರು. ಎರಡನೇ ವರ್ಷ ಇದ್ದರೆ ಅದರ ಮೇಲೆ ಶೇಕಡಾ 10, ಮೂರನೇ ವರ್ಷಕ್ಕೆ ಇನ್ನೂ ಶೇಕಡಾ 15. ಇದಕ್ಕಿಂತ ಜಾಸ್ತಿ ಕೊಡೋ ಕಂಪನಿಗಳು ಬೇಕಾದಷ್ಟಿವೆ, ಕಮ್ಮಿ ಕೊಡೋ ಹಾಗಿಲ್ಲ.

ರಾಣೆಬೆನ್ನೂರ_ಟರ್ನರ್

ಸರ, ಸ್ಟೈಪೆಂಡ್ ಜಾಸ್ತಿ ಆಗೇತಿ ಅಂತ ವಾಟ್ಸಾಪ್‌ನಾಗ ಬಂದಿತ್ತಲ್ಲ, 12300 ಅಂತ. ಅದು ಖರೇನ?

ನಿವೃತ್ತ_ಜೆಟಿಓ

ಅರ್ಧ ಖರೆ. 2025ರ ಮೇ 26ನೇ ತಾರೀಖು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಸಭೆ ಆಯ್ತು, ಅಲ್ಲಿ ಶೇಕಡಾ 36 ಏರಿಸಬೇಕು, ಅಂದರೆ 5000ದಿಂದ 9000 ಇರೋದನ್ನು 6800ರಿಂದ 12300ಕ್ಕೆ ಮಾಡಬೇಕು ಅಂತ ಶಿಫಾರಸು ಮಾಡಿದರು. ಶಿಫಾರಸು ಬೇರೆ, ಆದೇಶ ಬೇರೆ. ಗೆಜೆಟ್‌ನಲ್ಲಿ ಬಂದ ದರವೇ ದರ. ಮತ್ತೆ 12300 ಅನ್ನೋದು ಡಿಗ್ರಿಯವರ ಲೆಕ್ಕ, ಐಟಿಐದವರದಲ್ಲ. ವಾಟ್ಸಾಪ್‌ನಲ್ಲಿ ಮೇಲಿನ ಅಂಕಿ ಒಂದೇ ಓಡಾಡುತ್ತೆ.

ತಿಪಟೂರು_ಅಕ್ಕ

ಸರ್ ತುಂಬಾ ಥ್ಯಾಂಕ್ಸ್. ನೆನ್ನೆ ರಾತ್ರಿ ಅವನಿಗೆ ಫೋನ್ ಮಾಡಿ ಕೇಳ್ದೆ. ಪೋರ್ಟಲ್ ಲಾಗಿನ್ನೇ ಅವನಿಗೆ ಗೊತ್ತಿರ್ಲಿಲ್ಲ, ಸೇರೋವಾಗ ಆಫೀಸಲ್ಲೇ ಇವನ ಮೊಬೈಲ್ ಇಸ್ಕೊಂಡು ಓಟಿಪಿ ಹೊಡೆದು ಎಲ್ಲಾ ಅವ್ರೇ ಮಾಡಿದ್ರಂತೆ. ಪಿಜಿಲಿ ಪಕ್ಕದ ಬೆಡ್ಡಿನ ಹುಡುಗ ಕೂತ್ಕೊಂಡು ಪಾಸ್‌ವರ್ಡ್ ಹೊಸದು ಮಾಡಿ ತೆಗೆದ. ಕಾಂಟ್ರಾಕ್ಟ್ ಇದೆ, ನಂಬರ್ ಇದೆ, ಆಕ್ಟಿವ್ ಅಂತ ತೋರಿಸುತ್ತೆ. ಆದ್ರೆ ಶುರುವಿನ ತಾರೀಖು ನೋಡಿದ್ರೆ ಅವನು ಸೇರಿ ಒಂದು ತಿಂಗಳು ಆದ್ಮೇಲಿಂದು. ನೀವು ಹೇಳಿದ ಹಾಗೇ ಆಗಿದೆ. ಆ ಮೊದಲ ತಿಂಗಳು ಅವನು ದಿನಾ ಎಂಟು ಗಂಟೆ ಕೆಲ್ಸ ಮಾಡಿದಾನೆ.

ಮತ್ತೆ ಏನ್ ಕೆಲ್ಸ ಅಂತ ಕೇಳ್ದೆ. ಡೀಬರ್ರಿಂಗ್ ಅಂತೆ. ಮೆಷಿನಿಂದ ಬಂದ ಪೀಸಿನ ಅಂಚಲ್ಲಿ ಏಳಿರೋ ಸಣ್ಣ ಚೂಪನ್ನ ಅರ ಹಾಕಿ ತೆಗೆಯೋದು, ಬೆಳಗ್ಗೆಯಿಂದ ಸಾಯಂಕಾಲದವರೆಗೂ ಅದೇ. ಹಬ್ಬಕ್ಕೆ ಬಂದಾಗ ಬಲಗೈ ತೋರುಬೆರಳಿನ ಪಕ್ಕ ಅರದ ಹಿಡಿ ಒತ್ತಿ ಒತ್ತಿ ಚರ್ಮ ಹಳದಿ ಬಟಾಣಿ ಥರ ಗಟ್ಟಿಯಾಗಿತ್ತು, ಅಮ್ಮ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ತಾ ಕೂತಿದ್ರು. ಐಟಿಐನಲ್ಲಿ ಲೇತು, ಡ್ರಿಲ್ಲಿಂಗ್, ಮೇಟಿಂಗ್ ಜಾಬು ಎಲ್ಲಾ ಕಲಿತಿದ್ದ. ನಾಲ್ಕು ತಿಂಗಳಿಂದ ಅಳತೆ ನೋಡೋ ವರ್ನಿಯರ್ ಮುಟ್ಟಿಲ್ಲವಂತೆ.

ನಿವೃತ್ತ_ಜೆಟಿಓ

ಅರ ಹಿಡಿಯೋದು ಕೀಳು ಕೆಲಸ ಅಂತ ನಾನು ಯಾವತ್ತೂ ಹೇಳಲ್ಲಮ್ಮ, ಫಿಟ್ಟರ್‌ನ ಕೈ ತಯಾರಾಗೋದೇ ಅರದಲ್ಲಿ. ಆದರೆ ನಾಲ್ಕು ತಿಂಗಳು ಅದೊಂದೇ ಅಂದರೆ ಅದು ತರಬೇತಿ ಅಲ್ಲ. ಪ್ರತಿ ಟ್ರೇಡಿಗೂ ಸಿಲಬಸ್ ಇದೆ, ಯಾವ ಯಾವ ಕೆಲಸ ಕಲಿಸಬೇಕು ಅಂತ. ಕೊನೆಯಲ್ಲಿ ಅಖಿಲ ಭಾರತ ಟ್ರೇಡ್ ಟೆಸ್ಟ್ ಬರೆದು ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತೆ. ಅಲ್ಲಿ ಡೀಬರ್ರಿಂಗ್ ಒಂದನ್ನೇ ಕೇಳೋದಿಲ್ಲವಲ್ಲ. ದಿನಾ ಏನು ಮಾಡಿದೆ ಅಂತ ಒಂದು ನೋಟ್‌ಬುಕ್ಕಲ್ಲಿ ಬರೆದಿಡೋಕೆ ಹೇಳಿ, ತಾರೀಖು ಹಾಕಿ. ಸೂಪರ್‌ವೈಸರ್‌ಗೆ ತೋರಿಸಿ ಒಂದು ಸಹಿ ಹಾಕಿಸ್ಕೊಂಡರೆ ಇನ್ನೂ ಒಳ್ಳೇದು. ನಾನು 1984ರಲ್ಲಿ ಜಾಲಹಳ್ಳಿ ಕಡೆ ಅಪ್ರೆಂಟಿಸ್ ಆಗಿದ್ದಾಗ ಪ್ರತಿ ಶನಿವಾರ ನಮ್ಮ ಇನ್‌ಸ್ಟ್ರಕ್ಟರ್ ಡೈರಿ ನೋಡದೆ ಗೇಟ್ ಪಾಸೇ ಕೊಡ್ತಿರಲಿಲ್ಲ, ಆವತ್ತು ಸಿಟ್ಟು ಬರ್ತಿತ್ತು, ಆ ಡೈರಿ ಇವತ್ತಿಗೂ ನನ್ನ ಬೀರುವಲ್ಲಿದೆ.

ಮಾಚೇನಹಳ್ಳಿ_ಫೌಂಡ್ರಿ

ನಾನು ಮಾಲೀಕರ ಕಡೆಯಿಂದ ಒಂದ್ ಮಾತು ಹೇಳ್ತೀನಿ, ಬೈಬೇಡಿ. ಶಿವಮೊಗ್ಗದಲ್ಲಿ ಹದಿನೆಂಟು ಜನರ ಸಣ್ಣ ಯೂನಿಟ್ ನಮ್ಮದು. ಮೂವತ್ತು ಜನ ಅಥ್ವಾ ಅದಕ್ಕಿಂತ ಜಾಸ್ತಿ ಇದ್ರೆ ಒಟ್ಟು ಸಿಬ್ಬಂದಿಯ ಶೇಕಡಾ ಎರಡೂವರೆಯಿಂದ ಹದಿನೈದರವರೆಗೆ ಅಪ್ರೆಂಟಿಸ್ ತಗೊಳ್ಳೇಬೇಕು, ನಾಲ್ಕರಿಂದ ಇಪ್ಪತ್ತೊಂಬತ್ತು ಜನ ಇರೋ ನಮ್ಮಂಥೋರಿಗೆ ಕಡ್ಡಾಯ ಇಲ್ಲ, ಆದ್ರೂ ಇಬ್ಬರನ್ನ ತಗೊಂಡಿದೀವಿ. ಹೊಸ ಹುಡುಗನಿಗೆ ಮೊದಲ ವಾರವೇ ಕಂಪ್ಯೂಟರಲ್ಲಿ ಓಡೋ ಸಿಎನ್‌ಸಿ ಮೆಷಿನ್ ಕೊಟ್ರೆ, ಲೋಹ ಕತ್ತರಿಸೋ ತುದಿ, ಒಂದ್ ಇನ್ಸರ್ಟ್ ಮುರಿದ್ರೂ ನಮಗೆ ನೂರಾರು ರೂಪಾಯಿ, ಜಾಬ್ ರಿಜೆಕ್ಟ್ ಆದ್ರೆ ಕಸ್ಟಮರ್ ಹತ್ರ ಬೈಸ್ಕೋಬೇಕು. ಅದಕ್ಕೇ ಮೊದ್ಲು ಡೀಬರ್ರಿಂಗು, ಪ್ಯಾಕಿಂಗು ಕೊಡೋದು. 1500 ಸರ್ಕಾರ ಕೊಡೋದ್ರಿಂದ ನಮಗೂ ಅಷ್ಟು ಭಾರ ಕಮ್ಮಿ, ಸುಳ್ಳು ಹೇಳಲ್ಲ, ಅದಿಲ್ಲ ಅಂದಿದ್ರೆ ಎರಡನೇ ಹುಡುಗನ್ನ ತಗೊಳ್ತಿರಲಿಲ್ಲ. ಆದ್ರೆ ಹುಡುಗನಿಗೆ ಒಂದು ಸೀನಿಯರ್ ಆಪರೇಟರ್ ಪಕ್ಕ ನಿಲ್ಲಿಸಿ ದಿನಕ್ಕೊಂದು ಗಂಟೆಯಾದ್ರೂ ಕಲಿಸದಿದ್ರೆ ಅದು ತಪ್ಪೇ. ನಮ್ಮ ಹಿಂದಿನ ಬ್ಯಾಚಿನ ಒಬ್ಬ ಈಗ ನಮ್ಮಲ್ಲೇ ಮೋಲ್ಡಿಂಗ್ ಸೆಕ್ಷನ್ ನೋಡ್ಕೊಳ್ತಾನೆ.

ಕೆಂಗೇರಿ_ಹುಡ್ಗ

ನಿಮ್ಮಂಥ ಓನರ್ ಎಲ್ರಿಗೂ ಸಿಕ್ಕಲ್ಲ ಸರ್. ನಮ್ಮಲ್ಲಿ ಟಾರ್ಗೆಟ್ ಕೊಡ್ತಿದ್ರು, ಶಿಫ್ಟಿಗೆ ಇಷ್ಟು ಪೀಸ್ ಆಗ್ದಿದ್ರೆ ಸ್ಟೈಪೆಂಡ್ ಕಟ್ ಅಂತ.

ನಿವೃತ್ತ_ಜೆಟಿಓ

ಅದು ಕಾಯ್ದೆಗೆ ನೇರ ವಿರೋಧ. ಅಪ್ರೆಂಟಿಸ್‌ಗೆ ಪೀಸ್ ಲೆಕ್ಕದಲ್ಲಿ ದುಡ್ಡು ಕೊಡೋ ಹಾಗಿಲ್ಲ, ಉತ್ಪಾದನಾ ಬೋನಸ್ ಸ್ಕೀಮಿಗೆ ಸೇರಿಸೋ ಹಾಗೂ ಇಲ್ಲ, 13ನೇ ಸೆಕ್ಷನ್‌ನಲ್ಲೇ ಇದೆ. ಸ್ಟೈಪೆಂಡ್ ಮುಂದಿನ ತಿಂಗಳು ಹತ್ತನೇ ತಾರೀಖಿನೊಳಗೆ ಕೊಡಬೇಕು. ಕ್ಯಾಶುಯಲ್ ಲೀವ್, ಮೆಡಿಕಲ್ ಲೀವ್‌ಗೆ ಕಡಿತ ಮಾಡೋ ಹಾಗಿಲ್ಲ. ಕಂಪನಿಯ ತಪ್ಪಿನಿಂದ ಕರಾರು ಮಧ್ಯದಲ್ಲಿ ಮುರಿದರೆ ಮೂರು ತಿಂಗಳ ಸ್ಟೈಪೆಂಡ್‌ನಷ್ಟು ಪರಿಹಾರ ಕೊಡಬೇಕು. ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳೋದಿಲ್ಲ, ನಾನೂ ಪಾಠ ಹೇಳೋವಾಗ ಟೂಲ್ಸ್, ಟಾಲರೆನ್ಸ್ ಬಗ್ಗೆ ಹೇಳಿದಷ್ಟು ಇದರ ಬಗ್ಗೆ ಹೇಳಲಿಲ್ಲ, ಆ ಕೊರಗು ನನಗಿದೆ.

ಹುಬ್ಳಿ_ವರ್ಕ್‌ಶಾಪ್

ಅಕ್ಕಾರ ನಮಸ್ಕಾರ್ರೀ. ನಾ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪ್‌ನಾಗ ಅಪ್ರೆಂಟಿಸ್ ಮುಗ್ಸೇನಿ. ನಿಮ್ಮ ತಮ್ಮಗ ಇದು ಮುಗಿದ ಮ್ಯಾಲೆ ಏನ್ ಉಪಯೋಗ ಅಂತ ಯಾರೂ ಹೇಳಿಲ್ಲ, ಅದಕ್ಕ ಬರ್ದೇನಿ. ರೈಲ್ವೆದಾಗ ಅಪ್ರೆಂಟಿಸ್ ಆಯ್ಕೆಗೆ ಪರೀಕ್ಷಾ ಇರಂಗಿಲ್ಲ, ಎಸ್ಸೆಸ್ಸೆಲ್ಸಿ ಮಾರ್ಕ್ಸು ಮತ್ತ ಐಟಿಐ ಮಾರ್ಕ್ಸು ಕೂಡ್ಸಿ ಮೆರಿಟ್ ಲಿಸ್ಟ್ ಹಚ್ತಾರ. ಅಲ್ಲೆ ಟ್ರೈನಿಂಗ್ ಮುಗ್ಸಿದವರಿಗೆ ಮುಂದ ರೈಲ್ವೆದ ಲೆವೆಲ್ 1, ಅಂದ್ರ ಎಲ್ಲಾಕ್ಕಿಂತ ಕೆಳಗಿನ ದರ್ಜೆ ಹುದ್ದೆ ನೇಮಕಾತಿ ಒಳಗ ಶೇಕಡಾ 20 ಮೀಸಲ ಅದ. ಅಂದ್ರ ನೌಕರಿ ಗ್ಯಾರಂಟಿ ಅಂತಲ್ಲ, ಪರೀಕ್ಷಾ ಬರೀಬೇಕು, ಆದ್ರ ಒಂದ್ ಬಾಗಲ ತೆರದಿರ್ತದ. ಖಾಸಗಿ ಕಂಪನಿದಾಗ ಮುಗ್ಸಿದವರಿಗೆ ಆ ಮೀಸಲ ಇಲ್ಲ, ಆದ್ರ ಸರ್ಟಿಫಿಕೇಟ್ ಇದ್ದರ ಎಲ್ಲೇ ಹೋದ್ರೂ ಬೆಲೆ ಅದ.

ಎಲ್ಲೇ ಆಗ್ಲಿ ಒಮ್ಮೆ ಅಪ್ರೆಂಟಿಸ್ ಮುಗ್ಸಿದವರನ್ನ ರೈಲ್ವೆದವರು ಮತ್ತ ಅಪ್ರೆಂಟಿಸ್ ಅಂತ ತಗೊಳಂಗಿಲ್ಲ, ಅದನ್ನೂ ತಲ್ಯಾಗ ಇಟ್ಕೋರಿ.

ಕುಡ್ಲದ_ಡಿಪ್ಲೊಮಾ

ಇಲ್ಲಿ ಡಿಪ್ಲೊಮಾದವರು ಯಾರಾದ್ರೂ ಇದ್ದರೆ ಅವರಿಗೂ ಉಪಯೋಗ ಆಗ್ಲಿ ಅಂತ. ನಮ್ಮದು ಬೇರೆ ಸ್ಕೀಮ್ ಮಾರಾಯ್ರೆ, ನ್ಯಾಟ್ಸ್ ಅಂತ. ಅದು ಶಿಕ್ಷಣ ಇಲಾಖೆಯದ್ದು, ದಕ್ಷಿಣ ಭಾರತಕ್ಕೆಲ್ಲ ಚೆನ್ನೈಯಲ್ಲಿ ಅದರ ಬೋರ್ಡ್ ಉಂಟು. ಅದರಲ್ಲಿ ಸರ್ಕಾರದ ಪಾಲು ಅರ್ಧ, ಡಿಪ್ಲೊಮಾದವರ ಎಂಟು ಸಾವಿರದಲ್ಲಿ ನಾಲ್ಕು ಸಾವಿರ, ಡಿಗ್ರಿಯವರ ಒಂಬತ್ತರಲ್ಲಿ ನಾಲ್ಕೂವರೆ. ನಾನು ಬೈಕಂಪಾಡಿಯಲ್ಲಿ ಒಂದು ವರ್ಷ ಮಾಡಿದ್ದು. ಐಟಿಐದವರಿಗೆ ಕಾಲು, ನಮಗೆ ಅರ್ಧ ಯಾಕೆ ಅಂತ ನಂಗೆ ಇವತ್ತಿಗೂ ಅರ್ಥ ಆಗ್ಲಿಲ್ಲ, ಕೆಲಸದಲ್ಲಿ ಅವರೇ ನಮಗಿಂತ ಜಾಸ್ತಿ ಬೆವರು ಸುರಿಸುದು.

ಗದಗ_ತಂಗಿ

ನಮ್ಮ ಅಣ್ಣ ಐಟಿಐ ಮುಗ್ಸ್ಯಾನ. ಯುವನಿಧಿನೂ ಅಪ್ರೆಂಟಿಸ್ ರೊಕ್ಕನೂ ಎರಡೂ ಸಿಗತಾವೇನ್ರೀ?

ಪೀಣ್ಯ_ಸೆಕೆಂಡ್_ಸ್ಟೇಜ್

ಇಲ್ಲಮ್ಮ. ಯುವನಿಧಿ ಡಿಗ್ರಿ ಮತ್ತು ಡಿಪ್ಲೊಮಾದವರಿಗೆ, ಡಿಗ್ರಿಗೆ 3000, ಡಿಪ್ಲೊಮಾಗೆ 1500, ಎರಡು ವರ್ಷದವರೆಗೆ. ಐಟಿಐ ಅದರಲ್ಲಿ ಬರಲ್ಲ. ಡಿಪ್ಲೊಮಾದವರಾದ್ರೂ ಸ್ಟೈಪೆಂಡ್ ತಗೊಂಡು ಅಪ್ರೆಂಟಿಸ್ ಮಾಡ್ತಿರೋವಾಗ ಯುವನಿಧಿ ತಗೊಳ್ಳೋ ಹಾಗಿಲ್ಲ, ನಾನು ನಿರುದ್ಯೋಗಿ ಅಂತ ಸ್ವಯಂ ಘೋಷಣೆ ಕೊಡ್ಬೇಕಾಗುತ್ತೆ, ಸುಳ್ಳು ಕೊಟ್ರೆ ಕೇಸ್ ಆಗುತ್ತೆ. ಅಣ್ಣನಿಗೆ ಹಾಗೆಲ್ಲ ಮಾಡ್ಬೇಡ ಅಂತ ಹೇಳಿ.

ಇನ್ನೊಂದು ಪಿಎಂ ಇಂಟರ್ನ್‌ಶಿಪ್ ಅಂತ 2024ರ ಅಕ್ಟೋಬರಲ್ಲಿ ಬಂತು, ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ. ಪ್ರಾಯೋಗಿಕವಾಗಿ ಶುರು ಮಾಡಿದಾಗ 21ರಿಂದ 24 ವಯಸ್ಸಿನವರಿಗೆ ತಿಂಗಳಿಗೆ 5000 ಇಟ್ಟಿದ್ರು, 4500 ಕೇಂದ್ರದ್ದು 500 ಕಂಪನೀದು, ಸೇರೋವಾಗ ಒಂದ್ಸಲ 6000. ಐಟಿಐದವರೂ ಹಾಕಬಹುದು. ಆದ್ರೆ ನ್ಯಾಪ್ಸ್ ಅಥವಾ ನ್ಯಾಟ್ಸ್‌ನಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಅದು ಸಿಗಲ್ಲ. ಹಾಗಾಗಿ ಎರಡರಲ್ಲಿ ಒಂದು ಆರಿಸ್ಕೋಬೇಕು. ನನ್ನ ಕೇಳಿದ್ರೆ ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಓದಿದವರು ಅಪ್ರೆಂಟಿಸ್ಸೇ ಮಾಡ್ಲಿ, ಕೊನೆಗೆ ಟ್ರೇಡ್ ಸರ್ಟಿಫಿಕೇಟ್ ಕೈಗೆ ಬರೋದು ಅದರಲ್ಲೇ.

ಬಿಡದಿ_ಪ್ರೆಸ್‌ಶಾಪ್

ದುಡ್ಡಿನ ಮಾತು ಸರಿ, ಆದ್ರೆ ಗಾಯ ಆದ್ರೆ ಏನು ಅಂತ ಯಾರೂ ಕೇಳ್ಲಿಲ್ಲ. ನಮ್ಮ ಚಿಕ್ಕಪ್ಪನ ಮಗ ಪವರ್ ಪ್ರೆಸ್‌ನಲ್ಲಿ ಎಡಗೈ ಉಂಗುರ ಬೆರಳು ಅರ್ಧ ಕಳ್ಕೊಂಡ. ನೈಟ್ ಶಿಫ್ಟು, ಸೆನ್ಸರ್ ಆಫ್ ಮಾಡಿ ಓಡಿಸ್ತಿದ್ರು, ಬೇಗ ಆಗ್ಲಿ ಅಂತ. ಆಸ್ಪತ್ರೆಗೆ ಕರ್ಕೊಂಡ್ ಹೋದೋರು ಮೊದಲ ದಿನದ ಬಿಲ್ ಕಟ್ಟಿ ಹೋದ್ರು, ಆಮೇಲೆ "ಅಪ್ರೆಂಟಿಸ್‌ಗೆ ಇಎಸ್‌ಐ ಇಲ್ಲ, ನಾವೇನ್ ಮಾಡಕ್ಕಾಗುತ್ತೆ" ಅಂದ್ರು. ಚಿಕ್ಕಪ್ಪ ಒಂದು ಹಸು ಮಾರಿದ್ರು. ಅವನಿಗೆ ಈಗಲೂ ಅಂಗಿ ಗುಂಡಿ ಹಾಕ್ಕೊಳ್ಳೋವಾಗ ಕೈ ನಡುಗುತ್ತೆ, ನೋವಿಗಲ್ಲ, ಅಭ್ಯಾಸ ಆಗಿಲ್ಲ ಅದಕ್ಕೆ.

ನಿವೃತ್ತ_ಜೆಟಿಓ

ಓದಿ ಸಂಕಟ ಆಯ್ತು. ಇಎಸ್‌ಐ ಪಿಎಫ್ ಅಪ್ರೆಂಟಿಸ್‌ಗೆ ಇಲ್ಲ ಅನ್ನೋದು ನಿಜ, 18ನೇ ಸೆಕ್ಷನ್ ಪ್ರಕಾರ ಅವನು ಟ್ರೈನೀ, ಕಾರ್ಮಿಕ ಅಲ್ಲ. ಆದರೆ ಅಲ್ಲಿಗೆ ನಿಲ್ಲಿಸಿ ಹೇಳೋದು ಮೋಸ. 16ನೇ ಸೆಕ್ಷನ್ ಓದಿ. ತರಬೇತಿ ವೇಳೆ ಗಾಯವಾದರೆ ಪರಿಹಾರ ಕೊಡೋ ಹೊಣೆ ಮಾಲೀಕನದ್ದೇ, ಕಾರ್ಮಿಕರ ಪರಿಹಾರ ಕಾನೂನಿನ ಲೆಕ್ಕದಲ್ಲೇ. ಕಾರ್ಖಾನೆಯಲ್ಲಿ ಮಿಕ್ಕವರಿಗೆ ಇರೋ ಸುರಕ್ಷತೆ, ಆರೋಗ್ಯದ ನಿಯಮಗಳೂ ಅಪ್ರೆಂಟಿಸ್‌ಗೆ ಅನ್ವಯ. ದಯವಿಟ್ಟು ಆ ಹುಡುಗನ ಕರಾರು ಪತ್ರ, ಆಸ್ಪತ್ರೆ ಡಿಸ್ಚಾರ್ಜ್ ಕಾಗದ, ಬಿಲ್ಲುಗಳನ್ನು ತಗೊಂಡು ಕಾರ್ಮಿಕ ಇಲಾಖೆ ಕಚೇರಿಗೆ ಹೋಗಿ. ತಡ ಆಗಿದ್ದರೂ ಹೋಗಿ, ತಡ ಯಾಕಾಯ್ತು ಅಂತ ಬರೆದು ಕೊಡಬಹುದು. ಮನೇಲಿ ಕೂರಬೇಡಿ.

ಬಿಡದಿ_ಪ್ರೆಸ್‌ಶಾಪ್

ಸರ್ ಅದು ಯಾರೂ ಹೇಳಿರ್ಲಿಲ್ಲ. ಚಿಕ್ಕಪ್ಪನಿಗೆ ಇವತ್ತೇ ಹೇಳ್ತೀನಿ. ಕಾಗದ ಎಲ್ಲಾ ಇದೆ, ಅವ್ರು ಒಂದು ಚೀಟಿನೂ ಎಸೆಯಲ್ಲ.

ಪೀಣ್ಯ_ಸೆಕೆಂಡ್_ಸ್ಟೇಜ್

ತಿಪಟೂರಿನ ಮೇಡಂ, ನಿಮ್ಮ ವಿಷಯಕ್ಕೆ ಬರ್ತೀನಿ. ಕಾಂಟ್ರಾಕ್ಟ್ ಇದೆ ಅಂದ್ರೆ ಅರ್ಧ ಚಿಂತೆ ಕಳೀತು. ಈಗ ಆಧಾರ್ ವೆಬ್‌ಸೈಟಿಗೆ ಹೋಗಿ ತಮ್ಮನ ಆಧಾರ್ ನಂಬರ್, ಓಟಿಪಿ ಹಾಕಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿಸಿ. ಆಧಾರ್ ಬ್ಯಾಂಕಿಗೆ ಕೊಟ್ಟಿದೀನಿ ಅನ್ನೋದು ಬೇರೆ, ಸೀಡಿಂಗ್ ಆಗಿದೆ ಅನ್ನೋದು ಬೇರೆ. ನೀವು ನಾಲ್ಕು ಬ್ಯಾಂಕಲ್ಲಿ ಆಧಾರ್ ಜೆರಾಕ್ಸ್ ಕೊಟ್ಟಿರಬಹುದು, ಸರ್ಕಾರದ ದುಡ್ಡು ಬರೋಕೆ ಮ್ಯಾಪ್ ಆಗಿರೋದು ಒಂದೇ ಖಾತೆ. ಕಂಪನಿ ಸ್ಟೈಪೆಂಡಿಗೆ ಹೊಸ ಅಕೌಂಟ್ ತೆಗೆಸಿರ್ತಾರೆ, ಅದಕ್ಕೆ ಸೀಡಿಂಗ್ ಫಾರಂ ಕೊಡದೆ ಇದ್ರೆ ದುಡ್ಡು ಹಳೇ ಖಾತೆಗೇ ಹೋಗ್ತಾ ಇರುತ್ತೆ. ನಮ್ಮ ಯೂನಿಟ್ಟಲ್ಲೇ ಹೋದ ವರ್ಷ ಒಬ್ಬ ಹುಡುಗ ಆರು ತಿಂಗಳು ಬಂದಿಲ್ಲ ಬಂದಿಲ್ಲ ಅಂತಿದ್ದ, ನೋಡಿದ್ರೆ ಎಲ್ಲೋ ಮರ್ತುಬಿಟ್ಟಿದ್ದ ಖಾತೇಲಿ ಒಂಬತ್ತು ಸಾವಿರ ಕೂತಿತ್ತು. ತಮ್ಮನಿಗೆ ಹೈಸ್ಕೂಲಲ್ಲಿ ಸ್ಕಾಲರ್‌ಶಿಪ್ ಬರ್ತಿತ್ತಾ?

ತಿಪಟೂರು_ಅಕ್ಕ

ಹೌದು ಸರ್ ಬರ್ತಿತ್ತು, ಒಂಬತ್ತನೇ ಕ್ಲಾಸಲ್ಲಿ ಊರಿನ ಗ್ರಾಮೀಣ ಬ್ಯಾಂಕಲ್ಲಿ ಖಾತೆ ತೆಗೆಸಿದ್ವಿ. ಅದು ಇನ್ನೂ ಇದೆಯಾ? ನಾಳೆ ಭಾನುವಾರ, ಸೋಮವಾರ ಅರ್ಧ ದಿನ ರಜೆ ಹಾಕಿ ಹೋಗ್ತೀನಿ.

ತಿಪಟೂರು_ಅಕ್ಕ

ಸಿಕ್ತು!! ಬರೆಯೋಕೂ ಕೈ ಓಡ್ತಿಲ್ಲ, ನಿಧಾನಕ್ಕೆ ಹೇಳ್ತೀನಿ. ಭಾನುವಾರ ರಾತ್ರಿನೇ ಅಮ್ಮ ಟ್ರಂಕು ತೆಗೆದು ಹುಡುಕಿದ್ರು, ಮದುವೆ ಸೀರೆ ಮಡಿಕೆ ಒಳಗೆ ಅವನ ಹಳೇ ಪಾಸ್‌ಬುಕ್ ಇತ್ತು, ಪ್ಲಾಸ್ಟಿಕ್ ಕವರ್ ಅಂಟ್ಕೊಂಡು ಅವನ ಫೋಟೋ ಅರ್ಧ ಅಳಿಸಿಹೋಗಿದೆ. ಆಧಾರ್ ಸೈಟಲ್ಲಿ ನೋಡಿದ್ರೂ ಅದೇ ಬ್ಯಾಂಕಿನ ಹೆಸರು ಬಂತು. ಬೆಳಗ್ಗೆ ಹತ್ತಕ್ಕೆಲ್ಲ ಅಮ್ಮನೂ ನಾನೂ ಬ್ಯಾಂಕ್ ಬಾಗಿಲಲ್ಲಿದ್ವಿ. ಖಾತೆ ಅಮ್ಮನ ಜೊತೆ ಜಂಟಿ ಇರೋದ್ರಿಂದ ಪಾಸ್‌ಬುಕ್ ಎಂಟ್ರಿ ಮಾಡ್ಕೊಟ್ರು. ಪ್ರಿಂಟರ್ ಕರಕರ ಅಂತ ಒಂದು ಪುಟ ಹೊಡೀತು, ಮೇಲೆಲ್ಲಾ ಹಳೇ ಸ್ಕಾಲರ್‌ಶಿಪ್ಪು, ಎಂಟು ರೂಪಾಯಿ ಹತ್ತು ರೂಪಾಯಿ ಬಡ್ಡಿ, ಕೊನೇಲಿ ಎರಡು ಸಾಲು 1500.00, 1500.00. ಅಮ್ಮನಿಗೆ ಓದೋಕೆ ಬರಲ್ಲ, ಆದ್ರೆ ಅಂಕಿ ಗೊತ್ತು, ಬೆರಳಿಟ್ಟು ಎರಡು ಸಲ ಎಣಿಸಿದ್ರು.

ಎರಡು ತಿಂಗಳದ್ದು ಬಂದಿದೆ. ಹೋದ ತಿಂಗಳದ್ದು ಇನ್ನೂ ಬಂದಿಲ್ಲ. ಮೊದಲ ತಿಂಗಳದ್ದು ಕಾಂಟ್ರಾಕ್ಟೇ ಇರ್ಲಿಲ್ಲ, ಅದು ಬರಲ್ಲ ಅಂತ ಅರ್ಥ ಆಯ್ತು. ಆದ್ರೆ ಆ ತಿಂಗಳದ್ದು ಬಿಟ್ಟುಬಿಡ್ಬೇಕಾ ಸರ್?

ನಿವೃತ್ತ_ಜೆಟಿಓ

ಬಹಳ ಸಂತೋಷ ಆಯ್ತಮ್ಮ. ಬಿಡಬೇಕಿಲ್ಲ. ಏಳು ಸಾವಿರ ಅಂತ ಹೇಳಿ ಸೇರಿಸ್ಕೊಂಡಿದ್ದಾರೆ, ಕರಾರು ತಡ ಮಾಡಿದ್ದು ಅವರು. ಹಾಗಾಗಿ ಆ ತಿಂಗಳ 1500 ಕಂಪನಿಯೇ ಕೊಡಬೇಕು ಅಂತ ಮರ್ಯಾದೆಯಿಂದ ಒಂದು ಅರ್ಜಿ ಕೊಡಲಿ. ಜಗಳದ ಭಾಷೆ ಬೇಡ. ಸೇರಿದ ತಾರೀಖು, ಕಾಂಟ್ರಾಕ್ಟ್ ಶುರುವಾದ ತಾರೀಖು, ಕಾಂಟ್ರಾಕ್ಟ್ ನಂಬರ್, ಬಂದ ಮೊತ್ತ, ಬರಬೇಕಾದ ಮೊತ್ತ, ಇಷ್ಟೇ ಬರೆಯಲಿ. ಎರಡು ಪ್ರತಿ ಮಾಡಿ ಒಂದರ ಮೇಲೆ ಸೀಲು, ಸಹಿ ಹಾಕಿಸ್ಕೊಂಡು ಬರಲಿ. ಅದೇ ಅರ್ಜಿಯಲ್ಲಿ ಸಿಲಬಸ್ ಪ್ರಕಾರ ಬೇರೆ ಸೆಕ್ಷನ್‌ಗೂ ಹಾಕಿ ಅಂತ ಒಂದು ಸಾಲು ಸೇರಿಸಲಿ.

ಅವರು ಕೇಳಲಿಲ್ಲ ಅಂದರೆ ಮುಂದೆ ಅಪ್ರೆಂಟಿಸ್‌ಶಿಪ್ ಸಲಹೆಗಾರರ ಕಚೇರಿ ಇದೆ. ಒಂದೇ ರಾಜ್ಯದಲ್ಲಿರೋ ಖಾಸಗಿ ಕಂಪನಿಯಾದರೆ ನಮ್ಮ ರಾಜ್ಯದ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ಕಡೆಯದ್ದು, ಕಂಪನಿ ನಾಲ್ಕು ಅಥವಾ ಹೆಚ್ಚು ರಾಜ್ಯದಲ್ಲಿದ್ದರೆ ಇಲ್ಲ ಕೇಂದ್ರದ ಉದ್ಯಮವಾದರೆ ಬೆಂಗಳೂರಿನ ಕೇಂದ್ರ ಪ್ರಾದೇಶಿಕ ಕೌಶಲ್ಯ ನಿರ್ದೇಶನಾಲಯ. ಎಲ್ಲಿಗೆ ಅಂತ ಗೊಂದಲ ಆದರೆ ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಕೇಳಿ, ಹೇಳ್ತಾರೆ.

ಪೀಣ್ಯ_ಸೆಕೆಂಡ್_ಸ್ಟೇಜ್

ಹೋದ ತಿಂಗಳದ್ದಕ್ಕೆ ಸ್ವಲ್ಪ ಕಾಯಿರಿ, ಕಂಪನಿ ತನ್ನ ಪಾಲು ಕೊಟ್ಟಿದ್ದನ್ನ ಪೋರ್ಟಲಲ್ಲಿ ಹಾಕಿದ ಮೇಲೇನೇ ಸರ್ಕಾರದ್ದು ಹೊರಡೋದು. ಮತ್ತೆ ಮ್ಯಾಪಿಂಗ್ ಈಗ್ಲೇ ಬದಲಾಯಿಸ್ಬೇಡಿ, ನಡುವೆ ಒಂದ್ ತಿಂಗಳದ್ದು ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಕಷ್ಟ. ಎಟಿಎಂ ಕಾರ್ಡಿಗೆ ಅರ್ಜಿ ಹಾಕಿ ಅದೇ ಖಾತೆ ಉಳಿಸ್ಕೊಳ್ಳಿ.

ತಿಪಟೂರು_ಅಕ್ಕ

ಅರ್ಜಿ ನಾನೇ ಕನ್ನಡದಲ್ಲಿ ಬರೆದು ಫೋಟೋ ಕಳಿಸ್ದೆ, ಅವನು ಚೆನ್ನಾಗಿ ಕಾಪಿ ಮಾಡಿ ಇವತ್ತು ಕೊಟ್ಟ. ಎಚ್‌ಆರ್ ಮೇಡಂ ಓದಿ ಸ್ವಲ್ಪ ಹೊತ್ತು ಸುಮ್ನಿದ್ದು "ಇದನ್ನ ಯಾರು ಬರ್ಕೊಟ್ರು" ಅಂತ ಕೇಳಿದ್ರಂತೆ. ನಮ್ಮಕ್ಕ ಅಂದಿದಾನೆ. ಸೀಲ್ ಹಾಕಿ ಕೊಟ್ಟಿದಾರೆ, ಮುಂದಿನ ತಿಂಗಳು ಮ್ಯಾನೇಜ್‌ಮೆಂಟ್ ಹತ್ರ ಮಾತಾಡಿ ಹೇಳ್ತೀವಿ ಅಂದ್ರಂತೆ. ಸೋಮವಾರದಿಂದ ಒಂದು ವಾರ ಇನ್‌ಸ್ಪೆಕ್ಷನ್ ಸೆಕ್ಷನ್‌ಗೆ ಹಾಕ್ತೀವಿ ಅಂತಾನೂ ಸೂಪರ್‌ವೈಸರ್ ಹೇಳಿದಾರೆ. ಅವನ ಧ್ವನೀನೇ ಬೇರೆ ಥರ ಇತ್ತು ಫೋನಲ್ಲಿ.

ಆ ಮೂರು ಸಾವಿರದಲ್ಲಿ ಒಂದು ಸಾವಿರ ಅವನಿಗೆ ಸೇಫ್ಟಿ ಶೂಗೆ ಕಳಿಸಿದೀವಿ, ಅವನದು ಹಿಮ್ಮಡಿ ಸೀಳಿತ್ತು. ಮಿಕ್ಕಿದ್ದು ಖಾತೆಯಲ್ಲೇ ಇರ್ಲಿ ಅಂದ್ರು ಅಮ್ಮ. ಪಾಸ್‌ಬುಕ್ ಮತ್ತೆ ಟ್ರಂಕಿಗೆ ಹಾಕ್ಲಿಲ್ಲ, ದೇವರ ಗೂಡಲ್ಲಿ ಇಟ್ಟಿದಾರೆ. ಮುಂದಿನ ತಿಂಗಳು ಎಂಟ್ರಿ ಮಾಡಿಸಿ ಏನಾಯ್ತು ಅಂತ ಇಲ್ಲೇ ಬರೀತೀನಿ.

ಗದಗ_ತಂಗಿ

ಅಕ್ಕಾ ಆ ಅರ್ಜಿ ಫೋಟೋ ನಮಗೂ ಹಾಕ್ರಿ, ಹೆಸರು ನಂಬರ್ ಎಲ್ಲಾ ಮುಚ್ಚಿ. ಅಣ್ಣ ಮುಂದಿನ ವಾರ ಸೇರಾಂವ ಅದಾನ.

ತಿಪಟೂರು_ಅಕ್ಕ

ಹಾಕ್ತೀನಮ್ಮ, ಕೆಲ್ಸ ಮುಗಿಸಿ ಮನೆಗೆ ಹೋದ ತಕ್ಷಣ. ಮೊದಲನೇ ದಿನವೇ ಕಾಂಟ್ರಾಕ್ಟ್ ನಂಬರ್ ಕೇಳೋಕೆ ಹೇಳು ಅಣ್ಣನಿಗೆ. ಪೋರ್ಟಲ್ ಪಾಸ್‌ವರ್ಡ್ ಅವನೇ ಬರೆದಿಟ್ಕೊಳ್ಲಿ.